ಹೋಗಿ ಬರುವ ಲೆಕ್ಕ

ಕಾರು ಎಪ್ಪತ್ತೊಂದು ಮೈಲಿ ಎನ್ನುತ್ತದೆ.
ಬೇಸಿಗೆಯಲ್ಲಿ ತೊಂಬತ್ತು ಎಂದಿತ್ತು.
ಹನ್ನೊಂದು ವರ್ಷದ ಸೆಕೆಂಡ್ ಹ್ಯಾಂಡ್ ಗಾಡಿ, ಮೊಸರಿನ ಬಣ್ಣ;
ಅದರ ಮಾತಿನಲ್ಲಿ ಒಂದಷ್ಟು ಚಳಿಗೆ,
ಒಂದಷ್ಟು ಮುಪ್ಪಿಗೆ ಬಿಡಬೇಕು.

ಗ್ಯಾಸ್ ಬಿಲ್ಲಿನ ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ:
ಹೆರಿಫರ್ಡ್‌ನಿಂದ ರೇಯಾಡರ್, ನಲವತ್ತಾರು.
ಅಲ್ಲಿ ಕಾರ್ ಪಾರ್ಕಿನ ಹಿಂದೆ ಒಂದೇ ಒಂದು ಚಾರ್ಜಿಂಗ್ ಕಂಬ.
ಅದು ಕೆಟ್ಟಿರದಿದ್ದರೆ,
ಇನ್ಯಾರೋ ಕಚ್ಚಿಕೊಂಡು ಕೂತಿರದಿದ್ದರೆ,
ಐವತ್ತು ನಿಮಿಷ.
ಆಮೇಲೆ ಬೆಟ್ಟ. ಆಮೇಲೆ ಮೂವತ್ತನಾಲ್ಕು. ಆಮೇಲೆ ಸಮುದ್ರ.

ಏರಿನಲ್ಲಿ ಬೆಟ್ಟ ನೋಟು ಕಿತ್ತುಕೊಳ್ಳುತ್ತದೆ,
ಇಳಿಜಾರಿನಲ್ಲಿ ಚಿಲ್ಲರೆ ಕೊಡುತ್ತದೆ,
ನಮ್ಮೂರ ಬಸ್ಸಿನ ಕಂಡಕ್ಟರನ ಹಾಗೆ
ಟಿಕೆಟ್ಟಿನ ಹಿಂದೆ ಬರೆದು, ಇಳಿಯುವಾಗ ಇಸ್ಕೊಳ್ಳಿ ಅಂತ.
ಎಷ್ಟು ಸಲ ಮರೆತು ಇಳಿದಿಲ್ಲ ನಾನು.

ಈ ಪ್ರಯಾಣ ನನ್ನದಲ್ಲ, ಪಕ್ಕದ ಮನೆಯ ಗ್ಲೆನಿಸಳದು.
ಎಂಬತ್ತೆರಡು. ಉಲ್ಲನ್ ಅಂಗಡಿ ಇಟ್ಟಿದ್ದವಳು.
ಭಾಗೀರಥಿ ಎನ್ನಲು ನಾಲಗೆ ತಿರುಗದೆ ಬಾಗಿ ಎನ್ನುತ್ತಾಳೆ;
ಕರೆದಾಗೆಲ್ಲ ನಾನು ಕೊಂಚ ಬಾಗುತ್ತೇನೆ.
ಅಬೆರಿಸ್ಟ್ವಿತ್‌ನ ಕಡಲ ಹಾದಿ ಮುಗಿಯುವಲ್ಲಿ
ಒಂದು ಕಬ್ಬಿಣದ ಕಂಬಿ,
ಅಲ್ಲಿಯವರೆಗೆ ನಡೆದವರು ಅದನ್ನು ಒದೆಯಬೇಕಂತೆ.
ಯಾಕೆ ಎಂದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ.
ಒದ್ದು ಹಿಂದಿರುಗುವುದು, ಅಷ್ಟೇ.
ಹತ್ತೊಂಬತ್ತರಲ್ಲಿ ದಿನಾ ಒದೆಯುತ್ತಿದ್ದಳಂತೆ.
"ಇನ್ನೊಂದು ಸಲ ಒದ್ದು ಬರೋಣ" ಎನ್ನುತ್ತಾಳೆ,
ಹಾಲು ತಂದುಬಿಡೋಣ ಎಂಬಷ್ಟು ಸಲೀಸಾಗಿ.

ಹೋಗ್ತೀನಿ ಅಂದರೆ ನನ್ನಜ್ಜಿ ಬಾಯಿಗೆ ಹೊಡೆಯುತ್ತಿದ್ದಳು.
ಹೋಗಿ ಬರ್ತೀನಿ ಅನ್ನು.
ಆ ಬರ್ತೀನಿಗೆ ಎಷ್ಟು ಕರೆಂಟು ಬೇಕೆಂದು
ಅವಳಿಗೇನು ಗೊತ್ತು.
ಮೂವತ್ತನಾಲ್ಕು ಎಂದರೆ ಅರವತ್ತೆಂಟು;
ಎಪ್ಪತ್ತೊಂದರಲ್ಲಿ ಕಳೆದರೆ ಉಳಿಯುವುದು ಮೂರು,
ಆ ಮೂರರ ಮೇಲೂ ಬೆಟ್ಟದ ಗಾಳಿ ಕಣ್ಣಿಟ್ಟು ಕೂತಿದೆ.
ಸಮುದ್ರದ ಹತ್ತಿರವೂ ಚಾರ್ಜಿಂಗ್ ಕಂಬ ಇದೆಯಂತೆ.
ಅಂತೆಗಳನ್ನು ಕಂತೆ ಕಟ್ಟಿ ಪಕ್ಕಕ್ಕಿಟ್ಟಿದ್ದೇನೆ.

ಹಾಗಾಗಿ ಹೀಟರ್ ಬೇಡ.
ಎರಡು ಕಂಬಳಿ, ಅವಳ ಮಡಿಲಿಗೊಂದು ಬಿಸಿನೀರಿನ ಚೀಲ,
ಫ್ಲಾಸ್ಕಿನಲ್ಲಿ ಶುಂಠಿ ಕಷಾಯ.
ರೇಡಿಯೋ ಎಷ್ಟು ತಿನ್ನುತ್ತದೆ? ಇರುವೆಯಷ್ಟು. ಇರಲಿ.
ಡಿಕ್ಕಿಯಲ್ಲಿರುವ ಹತ್ತು ಕೆಜಿ ಅಕ್ಕಿ ಇಳಿಸಬೇಕು,
ಹೋದ ತಿಂಗಳಿಂದ ಸುಮ್ಮನೆ ಊರು ಸುತ್ತುತ್ತಿದೆ.

ರಾತ್ರಿ ಗ್ಲೆನಿಸ್ ತನ್ನದೊಂದು ಚೀಟಿ ತಂದಳು.
ಕಾರು ಎಲ್ಲಿ ನಿಂತರೆ ಕಂಬಿಗೆ ಎಷ್ಟು ಹೆಜ್ಜೆ,
ನಡುವೆ ಎಷ್ಟು ಬೆಂಚು.
ಅರವತ್ತು ಹೆಜ್ಜೆಗೊಂದು ಬೆಂಚು, ಏಳು ನಿಮಿಷ ಕೂರುವುದು.
ಗಾಳಿ ಎದುರಿದ್ದರೆ ನಲವತ್ತೇ ಹೆಜ್ಜೆ.
ನಾಲ್ಕನೆಯ ಬೆಂಚು ಮುರಿದಿದ್ದರೆ, ಗೋಡೆ.
ಎಲ್ಲ ಬರೆದು, ಗೀಟು ಎಳೆದು, ಕೆಳಗೆ
ನಲವತ್ತು ವರ್ಷ ಉಲ್ಲನ್ ಲೆಕ್ಕ ಬರೆದ ದುಂಡು ಅಕ್ಷರದಲ್ಲಿ:
ವಾಪಸ್ಸು ಬರಲು, ಬಾಗಿ.

ಬೆಳಿಗ್ಗೆ ಆರೂವರೆ.
ಅಡುಗೆಮನೆ ಕಿಟಕಿಯಿಂದ ಇಳಿದ ಕೇಬಲ್ಲಿನ ಮೇಲೆ ಇಬ್ಬನಿ.
ಕಾರು ಎಪ್ಪತ್ಮೂರು ಎಂದಿತು!
ಬೋನಸ್ಸು ಬಂದವರಂತೆ ಮುಖ ಮುಖ ನೋಡಿಕೊಂಡೆವು.
ರಸ್ತೆಯ ತಿರುವಿಗೆ ಬರುವಷ್ಟರಲ್ಲಿ ಎಪ್ಪತ್ತು.
ನಾನು ಮರೆತು ಹಾಕಿದ್ದ ಹೀಟರನ್ನು
ಗ್ಲೆನಿಸ್ ಕೈಗವಸಿನ ಬೆರಳಿನಿಂದ ಆರಿಸಿದಳು.

ಪೇಪರ್ ಹಾಕುವ ಹುಡುಗ ಸೈಕಲ್ ನಿಲ್ಲಿಸಿ ಎಲ್ಲಿಗೆ ಎಂದ.
ಹೊರಟವರನ್ನು ಹಾಗೆ ಕೇಳಬಾರದು ಕಣೋ ಎಂದು
ನನ್ನೊಳಗಿನ ಅಜ್ಜಿ ಸಿಡುಕುವ ಮೊದಲೇ
ಗ್ಲೆನಿಸ್ ಗಾಜಿಳಿಸಿ ಹೇಳಿಬಿಟ್ಟಳು:
"ಒದೆಯೋದಕ್ಕೆ."

ಗಾಜು ಇಳಿಸಿ ಏರಿಸಿದ್ದಕ್ಕೆ ಎಷ್ಟು ಹೋಯಿತೋ,
ನಾನು ನೋಡಲಿಲ್ಲ.